‘ದಿ ಸ್ಕ್ರೂಟೇಪ್ ಲೆಟರ್ಸ್’ ಅನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುವುದು ಹೇಗೆ?

ಮೊದಲು ಮುನ್ನುಡಿ ಓದಿಸಿ. ಸೈತಾನ ಸುಳ್ಳುಗಾರ, ಪುಸ್ತಕದಲ್ಲಿ ಮಾತಾಡುವ ದೆವ್ವ ಸ್ಕ್ರೂಟೇಪ್ ಹೇಳಿದ್ದನ್ನೆಲ್ಲ ನಂಬಬೇಡಿ ಎಂದು ಲೇಖಕ ಸಿ. ಎಸ್. ಲೂಯಿಸ್ ಅಲ್ಲೇ ಎಚ್ಚರಿಸುತ್ತಾರೆ. ಇದು ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ಹಿರಿಯ ದೆವ್ವ ಸ್ಕ್ರೂಟೇಪ್, ಒಬ್ಬ ಮನುಷ್ಯನನ್ನು ಕೆಡಿಸಲು ಹೊರಟಿರುವ ಸೋದರಳಿಯ ವರ್ಮ್‌ವುಡ್‌ಗೆ ಬರೆಯುವ 31 ಪತ್ರಗಳಿವು. 1942ರಲ್ಲಿ ಪುಸ್ತಕವಾಗಿ ಬಂದವು. ದೆವ್ವ ಮಾತಾಡುತ್ತಿರುವುದರಿಂದ ಇಲ್ಲಿ ‘ಶತ್ರು’ ಎಂದರೆ ದೇವರು.

ನನ್ನ ಪ್ರಕಾರ ಇಡೀ ಪುಸ್ತಕದ ಜೀವಾಳ ಒಂದನೇ ಪತ್ರದಲ್ಲೇ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಓದುತ್ತಾ ಕೂತ ನಾಸ್ತಿಕನ ಮನಸ್ಸು ದೇವರತ್ತ ವಾಲತೊಡಗುತ್ತದೆ. ಸ್ಕ್ರೂಟೇಪ್ ವಾದಕ್ಕೇ ಇಳಿಯುವುದಿಲ್ಲ; ಊಟದ ಹೊತ್ತಾಯಿತೆಂದು ನೆನಪಿಸುತ್ತಾನೆ, ಅಷ್ಟೆ. ಬೀದಿಗೆ ಬಂದರೆ ಪೇಪರ್ ಹುಡುಗನ ಕೂಗು, 73ನೇ ನಂಬರಿನ ಬಸ್ಸು. ಆ ಯೋಚನೆ ಅಲ್ಲಿಗೇ ಮುಗಿಯಿತು! ಈ ಭಾಗವನ್ನು ಗಟ್ಟಿಯಾಗಿ ಓದಿಸಿ, ಅವಸರ ಮಾಡಬೇಡಿ.

ಎರಡನೇ ಮಹಾಯುದ್ಧದ ಹಿನ್ನೆಲೆಯನ್ನು ಚುಟುಕಾಗಿ ಹೇಳಿದರೆ ಸಾಕು. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಪತ್ರ ಹಂಚಿ, ಅದರಲ್ಲಿ ಸ್ಕ್ರೂಟೇಪ್ ಯಾವುದಕ್ಕೆ ಹೆದರುತ್ತಿದ್ದಾನೆ ಎಂದು ಬರೆಸಿ. ಲೂಯಿಸ್ ಏನನ್ನು ಒಳ್ಳೆಯದೆಂದು ನಂಬಿದ್ದರು ಎಂಬುದು ಆ ಭಯದಲ್ಲೇ ಸಿಗುತ್ತದೆ.