ನಾನೇ ಬರೆದ ಹಳೇ ಧಾಟಿಯ ರೋಲ್‌ಪ್ಲೇಯಿಂಗ್ ಗೇಮನ್ನು ಬೆಳಗಾವಿಯಿಂದ ಮಾರೋದು ಹೇಗೆ?

ನಿಮ್ಮ ಪ್ರಶ್ನೆ ಚಿಕ್ಕದಾಗಿ ಇದು ಅಲ್ವಾ: ಹಳೇ ಡಂಜನ್ಸ್ ಅಂಡ್ ಡ್ರಾಗನ್ಸ್ ಧಾಟಿಯಲ್ಲಿ, ಅಂದರೆ ಒಬ್ಬ ರೆಫರಿ ಸನ್ನಿವೇಶ ಹೇಳಿ ಉಳಿದವರು ಪಾತ್ರಗಳಾಗಿ ಮಾತಿನಲ್ಲೇ, ದಾಳ ಹಾಕಿ ಆಡೋ ಥರದ್ದು, 200 ಪುಟದ ಗೇಮ್ ಬರೆದಿದ್ದೀರಿ. 500 ಪ್ರತಿ ಪ್ರಿಂಟ್ ಹಾಕಿಸಬೇಕು ಅಂತಿದ್ದೀರಿ. ಜನರಿಂದ ಮುಂಗಡ ದುಡ್ಡು ಎತ್ತೋ ಕಿಕ್‌ಸ್ಟಾರ್ಟರ್ ಸೈಟ್ ಆಗುತ್ತಾ, ಇಂಗ್ಲಿಷಿನಲ್ಲಿ ತರಬೇಕಾ ಕನ್ನಡದಲ್ಲಾ, ಅಂತ ಕೇಳಿದ್ದೀರಿ. ನಾನು ವಿಜಯಪುರದವನು. ಈ ಥರದ ಸಣ್ಣ ಪುಸ್ತಕಗಳನ್ನು ಬರೆದು ಮಾರುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

500 ಪ್ರತಿಯ ಆಸೆ ಸದ್ಯಕ್ಕೆ ಪಕ್ಕಕ್ಕಿಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರಾಗನ್ಸ್ ಮೊದಲ ಸಲ ಬಂದಾಗ ಹಾಕಿಸಿದ್ದೇ 1000 ಬಾಕ್ಸ್. ಬೆಲೆ 10 ಡಾಲರ್. ಅದು ಖಾಲಿಯಾಗೋಕೂ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆಗ ಅಂಥ ಇನ್ನೊಂದು ಗೇಮ್ ಅಂಗಡಿಯಲ್ಲೇ ಇರಲಿಲ್ಲ. ಈಗ ಎಲ್ಲಿ ನೋಡಿದರೂ ಅವೇ. ಕಿಕ್‌ಸ್ಟಾರ್ಟರ್ ಕೂಡ ಬಿಡಿ. ಭಾರತದ ವಿಳಾಸ, ಭಾರತದ ಬ್ಯಾಂಕ್ ಖಾತೆ ಇಟ್ಟುಕೊಂಡು ಅಲ್ಲಿ ಪ್ರಾಜೆಕ್ಟ್ ಹಾಕೋಕೆ ಬರೋದಿಲ್ಲ.

ಈಗ ಮುಖ್ಯ ಮಾತು. ನಿಮ್ಮ 200 ಪುಟದಲ್ಲಿ ರೂಲ್ಸ್ ಎಷ್ಟು, ಆಡೋ ಜಾಗ ಎಷ್ಟು? ರೂಲ್ಸೇ ಜಾಸ್ತಿ ಇದ್ದರೆ ಮಾರೋದು ಕಷ್ಟ. ಹಳೇ ಧಾಟಿಯ ಆಟಗಾರರ ಕೈಯಲ್ಲಿ ರೂಲ್ಸ್ ಆಗಲೇ ಇವೆ. 2006ರಲ್ಲಿ ಓಸ್ರಿಕ್ ಬಂತು, 2007ರಲ್ಲಿ ಲ್ಯಾಬಿರಿಂತ್ ಲಾರ್ಡ್, 2008ರಲ್ಲಿ ಸ್ವೋರ್ಡ್ಸ್ ಅಂಡ್ ವಿಜರ್ಡ್ರಿ. ಎಲ್ಲವೂ ಹಳೇ ರೂಲ್ಸನ್ನೇ ಹೊಸದಾಗಿ ಬರೆದಂಥವು. ಪಿಡಿಎಫ್ ಪುಕ್ಕಟೆ ಸಿಗುತ್ತಿತ್ತು. ಪುಕ್ಕಟೆ ಸಿಗೋ ಮಾಲಿನ ಪಕ್ಕ ಅದೇ ಮಾಲನ್ನು ರೊಕ್ಕಕ್ಕೆ ಇಟ್ಟರೆ ಯಾರು ತಗೋತಾರೆ? ಈ ಶನಿವಾರ ರಾತ್ರಿ ಗೆಳೆಯರನ್ನು ಕೂರಿಸಿಕೊಂಡು ಎಲ್ಲಿಗೆ ಕರೆದೊಯ್ಯಲಿ ಅನ್ನೋದು ಆಟ ಆಡಿಸೋ ರೆಫರಿಯ ತಲೆನೋವು. ಅವನು ದುಡ್ಡು ಕೊಡೋದು ಅದಕ್ಕೆ. ಹಾಗಾಗಿ ನಿಮ್ಮ ಪುಸ್ತಕದಿಂದ ಒಂದೇ ಒಂದು ಜಾಗವನ್ನು ಕಿತ್ತು, 32 ಪುಟದ ಮಾಡ್ಯೂಲ್, ಅಂದರೆ ಆ ಜಾಗದಲ್ಲಿ ಆಡಿಸೋ ಸಾಹಸದ ಪುಸ್ತಕ ಮಾಡಿ. ಮೊದಲು ಅದನ್ನು ಮಾರಿ.

ಜಾಗ ಅಂದರೆ ಎಂಥದ್ದು? ನನ್ನ ಊರಿನದೇ ಹೇಳುತ್ತೇನೆ. ವಿಜಯಪುರ ಅಂದ ಕೂಡಲೇ ಎಲ್ಲರೂ ಗೋಳಗುಮ್ಮಟ ಅಂತಾರೆ. ಡಂಜನ್, ಅಂದರೆ ಆಟಗಾರರು ಇಳಿದು ಹುಡುಕಾಡೋ ನೆಲಮಾಳಿಗೆ, ಆ ಲೆಕ್ಕದಲ್ಲಿ ನೋಡಿದರೆ ಅದು ಒಂದೇ ಒಂದು ದೊಡ್ಡ ರೂಮು, ಆಟ ಅರ್ಧ ಗಂಟೆಗೆ ಮುಗಿಯುತ್ತೆ! ನಿಜವಾದ ಡಂಜನ್ ಇರೋದು ನೆಲದ ಕೆಳಗೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೀರು ತರೋಕೆ ಸುರಂಗ ಕೊರೆದರು. ಅದಕ್ಕೆ ಕರೇಜ್ ಅಂತಾರೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು ಮೇಲಕ್ಕೆ ತೆರೆದುಕೊಳ್ಳುತ್ತವೆ. ಈಗ ಇದನ್ನು ಆಟಕ್ಕೆ ತನ್ನಿ. ಪ್ರತಿ ಕಿಂಡಿಯೂ ಒಳಗೆ ಇಳಿಯೋ ಬಾಗಿಲು. ಕಿಂಡಿಯ ಕೆಳಗೆ ಬೆಳಕು, ನಡುವೆ ಕತ್ತಲೆ. ಎರಡು ಕಿಂಡಿಗಳ ನಡುವೆ ಒಂದು ಪಂಜು ಸಾಲುತ್ತಾ ಅನ್ನೋದೇ ಮೊದಲ ಪ್ರಶ್ನೆ. ಹಳೇ ಆಟಗಳಲ್ಲಿ ಪಂಜು ಆರು ಟರ್ನ್, ಅಂದರೆ ಒಂದು ಗಂಟೆ ಉರಿಯುತ್ತೆ. ಮೇಲೆ ಮಳೆ ಬಂದರೆ ಒಳಗೆ ಟರ್ನಿಗೊಮ್ಮೆ ನೀರು ಏರುತ್ತೆ. ಭೂತ ಪಿಶಾಚಿ ಇನ್ನೂ ಬಂದೇ ಇಲ್ಲ, ಆಟಗಾರರು ಆಗಲೇ ಬೆವರುತ್ತಾರೆ. ಇಂಥ ಜಾಗ ಅಮೆರಿಕದಲ್ಲಿ ಕೂತವನಿಗೆ ಹೊಳೆಯೋದಿಲ್ಲ. ನಿಮ್ಮ ಕಡೆ ಹುಕ್ಕೇರಿ ಹತ್ತಿರದ ವಲ್ಲಭಗಡ ಇದೆ, ಸವದತ್ತಿಯ ಪಾರಸಗಡ ಇದೆ. ಹೋಗಿ ಮೆಟ್ಟಿಲು, ಬುರುಜು, ಬಾವಿ ಎಲ್ಲಿದೆ ನೋಡಿ ನಕ್ಷೆ ಹಾಕಿ. ಇನ್ನೊಂದು ಕಾಡು, ಇನ್ನೊಂದು ಗಾಬ್ಲಿನ್ ಗುಹೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ.

ಕಾನೂನಿನ ಭಯ ಬಹಳ ಬೇಡ. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ವಾಕ್ಯಗಳಿಗೆ ಇದೆ. ಸಾಲುಗಳನ್ನು ಎತ್ತಬೇಡಿ, ಅಷ್ಟೇ. ಜನವರಿ 2023ರಲ್ಲಿ, ಬೇರೆಯವರು ರೂಲ್ಸ್ ಬಳಸೋ ಲೈಸೆನ್ಸ್ ಬದಲಿಸೋಕೆ ಹೋಗಿ ಗಲಾಟೆ ಆದ ಮೇಲೆ, ಡಂಜನ್ಸ್ ಅಂಡ್ ಡ್ರಾಗನ್ಸ್ ಕಂಪನಿಯವರು ಅದರ ಮೂಲ ರೂಲ್ಸ್ ಇರೋ ಎಸ್‌ಆರ್‌ಡಿ 5.1 ಅನ್ನು, ಎಲ್ಲರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟರು. ಅವರ ಹೆಸರು ಹಾಕಿ ಬಳಸಬಹುದು, ಮಾರಬಹುದು ಕೂಡ. ಆದರೆ ಮುಖಪುಟದಲ್ಲಿ ಅವರ ಲೋಗೋ ಹಾಕಬೇಡಿ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ಅವರದೇ ಪ್ರಾಣಿಗಳ ತಂಟೆಗೂ ಹೋಗಬೇಡಿ. ನಮ್ಮಲ್ಲಿ ಬ್ರಹ್ಮರಾಕ್ಷಸ, ಬೇತಾಳ ಇರುವಾಗ ಅವು ಯಾಕೆ?

ಮಾರೋ ಜಾಗ ಎರಡು: ಇಚ್ (itch.io) ಮತ್ತು ಡ್ರೈವ್‌ಥ್ರೂ ಆರ್‌ಪಿಜಿ ಅನ್ನೋ ವೆಬ್‌ಸೈಟುಗಳು. ಇಚ್‌ನಲ್ಲಿ ಅಂಗಡಿಯವರ ಪಾಲು ಎಷ್ಟು ಅಂತ ನೀವೇ ಹೇಳಬಹುದು. ಸುಮ್ನೆ ಬಿಟ್ಟರೆ ಶೇಕಡಾ 10. ಡ್ರೈವ್‌ಥ್ರೂ ನಿಮಗೆ ಕೊಡೋದು ಶೇಕಡಾ 65, ಅಲ್ಲಿ ಬಿಟ್ಟು ಬೇರೆಲ್ಲೂ ಮಾರಲ್ಲ ಅಂದರೆ 70. ಆ 5ರ ಆಸೆಗೆ ಕೈ ಕಟ್ಟಿಹಾಕಿಕೊಳ್ಳಬೇಡಿ. ಹಾಗಂತ ಡ್ರೈವ್‌ಥ್ರೂ ಬಿಡೋ ಹಾಗೂ ಇಲ್ಲ, ಹಳೇ ಧಾಟಿಯ ಗಿರಾಕಿ ಅಲ್ಲೇ ಜಾಸ್ತಿ. ಅಲ್ಲಿ ಪ್ರಿಂಟ್ ಆನ್ ಡಿಮಾಂಡ್ ಕೂಡ ಇದೆ. ಆರ್ಡರ್ ಬಂದಾಗ ಅವರೇ ಪ್ರಿಂಟ್ ಹಾಕಿ ಕಳಿಸುತ್ತಾರೆ. ಬೆಳಗಾವಿಯಿಂದ ವಿದೇಶಕ್ಕೆ ಪಾರ್ಸೆಲ್ ಮಾಡೋ ಖರ್ಚು ಉಳಿಯಿತು. 32 ಪುಟದ ಪಿಡಿಎಫ್‌ಗೆ 5 ಡಾಲರ್ ಆಸುಪಾಸು ಇಡಿ. ನಕ್ಷೆಯ ಒಂದು ಪುಟ, ಎರಡು ರೂಮಿನ ವಿವರ ಪುಕ್ಕಟೆ ತೋರಿಸಿ. ಮುಖಪುಟಕ್ಕೆ ಎಐ ಚಿತ್ರ ಮಾತ್ರ ಬೇಡ, ಈ ಗಿರಾಕಿಗಳು ನೋಡಿದ ತಕ್ಷಣ ಮುಖ ತಿರುಗಿಸುತ್ತಾರೆ. ಚಿತ್ರಕಲೆ ಓದೋ ಹುಡುಗರಿಗೆ ದುಡ್ಡು ಕೊಟ್ಟು ಕಪ್ಪು ಶಾಯಿಯಲ್ಲಿ ಬರೆಸಿ. ಹಳೇ ಮಾಡ್ಯೂಲ್‌ಗಳ ಚಂದವೇ ಆ ಗೀಟುಗಳಲ್ಲಿದೆ.

ಹೊರಗಿನ ದುಡ್ಡು ಪೇಪ್ಯಾಲ್‌ಗೆ ಬಂದು, ಅಲ್ಲಿಂದ ತಾನಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತೆ. ಪ್ಯಾನ್ ಕಾರ್ಡ್ ಮತ್ತು ದುಡ್ಡು ಯಾತಕ್ಕೆ ಬಂತು ಅಂತ ತೋರಿಸೋ ಪರ್ಪಸ್ ಕೋಡ್ ಕೇಳುತ್ತಾರೆ. ಅಮೆರಿಕದ ಟ್ಯಾಕ್ಸಿಗೆ ಡಬ್ಲ್ಯೂ-8 ಬೆನ್ ಅನ್ನೋ ಫಾರ್ಮ್ ಕೇಳಿದರೆ ಆಲಸ್ಯ ಮಾಡದೆ ತುಂಬಿ. ಇಲ್ಲಿನವರ ಹತ್ತಿರ ಯುಪಿಐನಲ್ಲೇ ತಗೊಳ್ಳಿ, 2021ರಿಂದ ಪೇಪ್ಯಾಲ್ ದೇಶದೊಳಗಿನ ವ್ಯವಹಾರ ನಿಲ್ಲಿಸಿದೆ.

ಕನ್ನಡವಾ ಇಂಗ್ಲಿಷಾ? ಎರಡೂ, ಆದರೆ ಬೇರೆ ಬೇರೆ ಪುಸ್ತಕ. ಇಂಗ್ಲಿಷ್ ಮಾಡ್ಯೂಲ್ ಹೊರಗಿನವರಿಗೆ. ಕನ್ನಡದ್ದು 16 ಪುಟದ, ರೂಲ್ಸ್ ಸಮೇತ ಇರೋ ಚಿಕ್ಕ ಪುಸ್ತಕ. ನಮ್ಮ ಕಡೆ ಈ ಆಟವೇ ಹೊಸದು, ಹಾಗಾಗಿ ಇಲ್ಲಿ ರೂಲ್ಸ್ ಬೇಕು. ಇಪ್ಪತ್ತು ಮುಖದ ಡೈಸ್ ಬೆಳಗಾವಿಯ ಆಟಿಕೆ ಅಂಗಡಿಯಲ್ಲಿ ಹುಡುಕಿ ಸುಸ್ತಾಗಬೇಡಿ. ಎರಡು ಲೂಡೋ ದಾಳ ಸಾಕು. ಒಂದನ್ನು ಹತ್ತರ ಸ್ಥಾನ, ಇನ್ನೊಂದನ್ನು ಬಿಡಿ ಸ್ಥಾನ ಅಂತ ಓದಿದರೆ 11ರಿಂದ 66ರವರೆಗೆ 36 ಫಲ ಸಿಗುತ್ತವೆ. ಇದೇನಾಟ ಅಂತ ಹಿರಿಯರು ಕೇಳಿದರೆ ನಾನು ಹೇಳೋದು ಹೀಗೆ: ದೊಡ್ಡಾಟದ ಭಾಗವತರಿದ್ದ ಹಾಗೆ ಇಲ್ಲೊಬ್ಬ ರೆಫರಿ ಇರುತ್ತಾನೆ ರೀ, ಆದರೆ ಕಥೆ ಎತ್ತ ಹೋಗುತ್ತೆ ಅಂತ ಅವನಿಗೂ ಗೊತ್ತಿರೋದಿಲ್ಲ. ಅಷ್ಟಕ್ಕೇ ಎದುರು ಕೂರುತ್ತಾರೆ.

ಈ ಕನ್ನಡ ಪುಸ್ತಕವನ್ನು ಊರಲ್ಲೇ ಪ್ರಿಂಟ್ ಹಾಕಿಸಿ. ಲಗ್ನಪತ್ರಿಕೆ ಹಾಕೋ ಪ್ರೆಸ್ಸೇ ಸಾಕು. 50 ಪ್ರತಿಗೆ ಡಿಜಿಟಲ್ ಪ್ರಿಂಟ್ ಕೇಳಿ, ಆಫ್‌ಸೆಟ್ ಪ್ಲೇಟಿನ ಖರ್ಚು ಅಷ್ಟಕ್ಕೆ ಹೊಂದೋದಿಲ್ಲ. ಎ5 ಅಳತೆ, ಸೆಂಟರ್ ಪಿನ್. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗ ಹೋಗಬೇಕು. ಒಂದು ವಿಷಯದಲ್ಲಿ ಮಾತ್ರ ಪಟ್ಟು ಹಿಡಿಯಿರಿ. ಡಿಟಿಪಿಯವರು ನಿಮ್ಮ ಯೂನಿಕೋಡ್ ಬರಹವನ್ನು ನುಡಿಯ ಹಳೇ ಫಾಂಟಿಗೆ ತಿರುಗಿಸಿ, ಪುಟ ಕಟ್ಟೋ ಪೇಜ್‌ಮೇಕರ್ ಸಾಫ್ಟ್‌ವೇರಿಗೆ ಹಾಕೋಕೆ ನೋಡುತ್ತಾರೆ. ಆಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಮುರಿಯುತ್ತೆ, ಟೇಬಲ್‌ಗಳ ಸಾಲು ಜರುಗುತ್ತೆ. ಆ ಪಿಡಿಎಫ್‌ನಲ್ಲಿ ಒಂದು ಪದ ಹುಡುಕಿದರೂ ಸಿಗೋದಿಲ್ಲ. ನೀವೇ ಯೂನಿಕೋಡ್‌ನಲ್ಲಿ ಪುಟ ಕಟ್ಟಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಪ್ರಿಂಟ್ ಒತ್ತಿದರೆ ಸಾಕು ಅನ್ನಿ.

ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪುಸ್ತಕವನ್ನು ದಾಳದ ಜೊತೆ ಬಾಕ್ಸಿನಲ್ಲಿಟ್ಟು ಗೇಮ್ ಅಂತ ಮಾರೋದಾದರೆ, ಟ್ಯಾಕ್ಸ್ ನೋಡಿಕೊಳ್ಳುವವರನ್ನು ಕೇಳಿ ಆಮೇಲೆ ಬೆಲೆ ಹಾಕಿ.