ತಟ್ಟೆಯನ್ನು ಹೊರಗೆ ತೆಗೆದು ನೋಡಿ

ಪ್ರೀತಿಯ ಓದುಗರೇ,

ಹಳೆಯ ಎಲ್‌ಪಿ (ಹಾಡು ಕೇಳುವ ಗ್ರಾಮಫೋನ್ ತಟ್ಟೆ) ಮಾರುವ ಚಿಕ್ಕ ಅಂಗಡಿಯಲ್ಲಿ ಒಂದು ಗಂಟೆ ಹುಡುಕಾಡಿ, ಏನೂ ಕೊಳ್ಳದೆ ಹೊರಬಂದಿರಿ. 'ಅಂಗಡಿಯವರ ಮುಖ ನೋಡಲು ಸಂಕೋಚವಾಯಿತು, ಯಾವುದು ಚೆನ್ನಾಗಿದೆ ಅಂತ ಗೊತ್ತಾಗಲೇ ಇಲ್ಲ' ಎಂದು ಬರೆದಿದ್ದೀರಿ.

ಸಂಕೋಚ ಬಿಡಿ. ಇಂಥ ಅಂಗಡಿಗೆ ಜನ ಹುಡುಕಾಡಲೆಂದೇ ಬರುತ್ತಾರೆ. ಅದು ಅಂಗಡಿಯವರಿಗೂ ಗೊತ್ತು. ನನಗೆ ಕಾಡಿದ್ದು ಬೇರೆ. ಅಷ್ಟು ಹೊತ್ತಿನಲ್ಲಿ ನೀವು ಒಂದು ತಟ್ಟೆಯನ್ನೂ ಕವರಿನಿಂದ ಹೊರಗೆ ತೆಗೆದಂತಿಲ್ಲ, ಅಲ್ವಾ? ನಾನೂ ಒಮ್ಮೆ ಹಾಗೇ ಮಾಡಿದ್ದೆ. ಕವರಿನ ಚಿತ್ರಕ್ಕೆ ಮನಸೋತು ಕೊಂಡು ತಂದೆ. ಮನೆಯಲ್ಲಿ ಬಿಚ್ಚಿದರೆ ಒಳಗೆ ಬೇರೆ ಯಾವುದೋ ತಟ್ಟೆ! ಆವತ್ತಿನ ಬೇಜಾರು ಇನ್ನೂ ಹೋಗಿಲ್ಲ.

'ತೆಗೆದು ನೋಡಬಹುದಾ?' ಅಂತ ಕೇಳಿ. ಅಂಚನ್ನೂ ನಡುವಿನ ಲೇಬಲನ್ನೂ ಮಾತ್ರ ಹಿಡಿಯಿರಿ. ಹಾಡು ಅಚ್ಚಾಗಿರುವ ಗೆರೆಗಳ ಮೇಲೆ ಬೆರಳಿಟ್ಟರೆ ಜಿಡ್ಡು ಕೂರುತ್ತದೆ, ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ. ಮೊದಲು ಕಣ್ಣಿನ ಮಟ್ಟಕ್ಕೆ ಎತ್ತಿ, ಸೊಟ್ಟಗಾಗಿದೆಯಾ ನೋಡಿ. ಆಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಕೂದಲೆಳೆಯಂಥ ಗೀರು ಕಂಡರೆ ಹೆದರಬೇಡಿ, ಎಷ್ಟೋ ಸಲ ಅದು ಕೇಳಿಸುವುದೇ ಇಲ್ಲ. ಅಂಗಡಿಯವರು ಒಪ್ಪಿದರೆ ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ. ತಡೆದರೆ ಅದು ಆಳದ ಗೀರು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಆ ಗೀರು ದಾಟುವವರೆಗೂ 1.8 ಸೆಕೆಂಡಿಗೊಮ್ಮೆ 'ಟಕ್' ಅನ್ನುತ್ತಿರುತ್ತದೆ. ಮೆಲ್ಲನೆಯ ಹಾಡಿನಲ್ಲಿ ಅದನ್ನು ಸಹಿಸುವುದು ಕಷ್ಟ.

ನಡುವಿನ ತೂತಿನ ಸುತ್ತಲೂ ನೋಡಿ. ಲೇಬಲ್ ಮೇಲೆ, ತಟ್ಟೆ ಕೂರಿಸುವ ನಡುಗಡ್ಡಿ ಉಜ್ಜಿದ ಸಣ್ಣ ಗುರುತುಗಳು ಜಾಸ್ತಿ ಇದ್ದರೆ, ಆ ತಟ್ಟೆ ತುಂಬಾ ಸಲ ಓಡಿದೆ. ಹಾಡು ಮುಗಿದು ಲೇಬಲ್ ಶುರುವಾಗುವ ನಡುವೆ ಒಂದು ನುಣುಪು ಜಾಗ ಇರುತ್ತದೆ. ಅಲ್ಲಿ ಕೆತ್ತಿದ ಅಂಕಿ ಅಕ್ಷರಗಳಿಂದ ಅದು ಯಾವ ಬಾರಿಯ ಅಚ್ಚು ಅಂತ ಪತ್ತೆ ಮಾಡಬಹುದು. ನನಗಂತೂ ಆ ಪುಟ್ಟ ಕೆತ್ತನೆ ಎಂದರೆ ಬಹಳ ಇಷ್ಟ.

ಇನ್ನೊಂದು ಮಾತು. ಭಾರದ, ದಪ್ಪನೆಯ, ನಿಮಿಷಕ್ಕೆ 78 ಸುತ್ತಿನ ತಟ್ಟೆ ಸಿಕ್ಕರೆ ಹುಷಾರು. ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಮುಂಚಿನ ತಟ್ಟೆಗಳು ಹೆಚ್ಚಾಗಿ ಅರಗಿನವು. ಕೈಜಾರಿದರೆ ಚೂರುಚೂರು. ಅವುಗಳ ಗೆರೆ ಅಗಲ, ಎಲ್‌ಪಿಯ ಮುಳ್ಳು ಅದಕ್ಕೆ ಹೊಂದುವುದಿಲ್ಲ.

'ಫೋನಿನಲ್ಲೇ ಎಲ್ಲ ಸಿಗುವಾಗ ಇದು ಯಾಕೆ?' ಎಂದೂ ಕೇಳಿದ್ದೀರಿ. ಕವರಿನ ಹಿಂಬದಿ ಓದಿ. ಪಿಟೀಲು ಯಾರು, ತಬಲಾ ಯಾರು, ಎಲ್ಲ ಸಣ್ಣಕ್ಷರದಲ್ಲಿ ಇರುತ್ತದೆ. ಅದರಲ್ಲಿ ಒಂದು ಹೆಸರು ಹಿಡಿದು ಮುಂದಿನ ಪೆಟ್ಟಿಗೆಯಲ್ಲಿ ಹುಡುಕಿ. ನಾನು ಕೇಳಿಯೇ ಇರದ ಎಷ್ಟೋ ಕಲಾವಿದರು ನನಗೆ ಸಿಕ್ಕಿದ್ದು ಹೀಗೆ.

ಅದೇ ಅಂಗಡಿಗೆ ಮತ್ತೆ ಹೋಗಿ. ಒಂದು ತಟ್ಟೆ ಆರಿಸಿ, ಹಾಕಿ ಕೇಳಿಸಲು ಹೇಳಿ. ಯಾವುದು ಸಿಕ್ಕಿತು ಅಂತ ನನಗೆ ಬರೆಯಿರಿ.

— ಸಂಪಾದಕ