ಪುಣೆಯಲ್ಲಿ ಹೊಸ ಸೈ-ಫೈ ಸಿನಿಮಾಗಳನ್ನು ಮೊದಲ ವಾರಾಂತ್ಯಕ್ಕೇ ನೋಡಬೇಕಾ, ಓಟಿಟಿಗೆ ಬರೋವರೆಗೆ ಕಾಯಬೇಕಾ?

ಹಿಂಜವಡಿಯಲ್ಲಿ ಕೆಲಸ, ಶನಿವಾರ-ಭಾನುವಾರ ಬಿಟ್ಟರೆ ಬಿಡುವಿಲ್ಲ, ಐಮ್ಯಾಕ್ಸ್ ಅನ್ನೋ ದೈತ್ಯ ಪರದೆಯ ಟಿಕೆಟ್ ದರ ನೋಡಿದರೆ ಎದೆ ಝಲ್ಲೆನ್ನುತ್ತೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ನಾನೇ ಬರೆದು ಮರೆತ ಪ್ರಶ್ನೆಯ ಹಾಗಿದೆ.

2025ರ ಫೆಬ್ರವರಿ 7, ಶುಕ್ರವಾರ. ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಹತ್ತಿರ ಹೋಗುವ ಗಗನಯಾತ್ರಿಗಳ ಕಥೆ 'ಇಂಟರ್‌ಸ್ಟೆಲ್ಲರ್' ನಮ್ಮಲ್ಲಿ ಮತ್ತೆ ಐಮ್ಯಾಕ್ಸಿಗೆ ಬಂತು. 2014ರಲ್ಲಿ ಮೊದಲ ಸಲ ಬಂದಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ನೋಡಿದ್ದು ಆಮೇಲೆ, ಗೆಳೆಯನ ಫೋನಿನಲ್ಲಿ, ಅಂಗೈಯಷ್ಟು ಪರದೆಯಲ್ಲಿ. ಈಗ ಬಂದದ್ದೂ ಒಂದೇ ವಾರಕ್ಕೆ, ಯಾಕಂದ್ರೆ ಮುಂದಿನ ಶುಕ್ರವಾರದ ಚಿತ್ರಗಳು ಆಗಲೇ ಸರದಿಯಲ್ಲಿದ್ದವು. ನಾನು ಸುಮ್ಮನಿರದೆ ಧಾರವಾಡದ ಸೋದರಮಾವನಿಗೆ ಫೋನ್ ಮಾಡಿ, "ಮಾಮಾ, ಬರ್ರಿ, ಕಪ್ಪುಕುಳಿ ತೋರಸ್ತೀನಿ" ಅಂದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡೋದಿಲ್ಲ ಅನ್ನುತ್ತಲ್ಲ, ಆ ಸಾಪೇಕ್ಷತೆ ಅನ್ನೋ ಪದ ನನಗೆ ಮೊದಲು ಕೇಳಿಸಿದವರೂ ಅವರೇ. ಶುಕ್ರವಾರ ಮಧ್ಯಾಹ್ನ ರೈಲಿನಲ್ಲಿ ಬಂದಿಳಿದರು, ಜೊತೆಗೆ ಎರಡು ಕಿಲೋ ಪೇಡೆ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನ ಆಗೋದಿಲ್ಲ. ಬೇರೆಲ್ಲ ಶೋ ಭರ್ತಿ. ಉಳಿದಿದ್ದು ಮಧ್ಯರಾತ್ರಿ 12:10ರದ್ದು. ನಮಗೆ ಬೇಕಿದ್ದದ್ದು ಶನಿವಾರ ರಾತ್ರಿ, ಅಂದರೆ ಸಂಜೆ ಊಟ ಮುಗಿಸಿ ಹೊರಟು ಹನ್ನೆರಡಕ್ಕೆ ಒಳಗೆ ಕೂರೋದು. ಆ್ಯಪ್ ತೆರೆದೆ, 'ಶನಿ, 8' ಒತ್ತಿದೆ, ಪಟ್ಟಿಯ ಮೇಲ್ತುದಿಯಲ್ಲೇ 12:10 ಇತ್ತು, ನಾಲ್ಕು ಸೀಟು ಸಿಕ್ಕವು, ದುಡ್ಡು ಕಟ್ಟಿದೆ. ಆದರೆ ಎಂಟನೇ ತಾರೀಖಿನ 12:10 ಎಂದರೆ ಶುಕ್ರವಾರ ರಾತ್ರಿ ಕಳೆದು ಹತ್ತು ನಿಮಿಷ. ನಮಗೆ ಬೇಕಿದ್ದ ಶೋ ಕ್ಯಾಲೆಂಡರಿನ ಲೆಕ್ಕದಲ್ಲಿ ಭಾನುವಾರದ್ದು, ಒಂಬತ್ತನೇ ತಾರೀಖು ಒತ್ತಬೇಕಿತ್ತು. ನಮ್ಮ ಮಂದಿಗೆ ಬೆಳಗಾಗುವ ತನಕ ದಿನ ಬದಲಾಗೋದಿಲ್ಲ, ಕಂಪ್ಯೂಟರಿಗೆ ಹನ್ನೆರಡಕ್ಕೇ ಬದಲಾಗುತ್ತೆ. ನಾನು ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್. ತಾರೀಖು ತಪ್ಪಿದ ಬಗ್‌ಗಳನ್ನು ಹುಡುಕೋದೇ ನನ್ನ ಕೆಲಸ!

ಹೀಗಾಗಿ ಶುಕ್ರವಾರ ರಾತ್ರಿ ಆ ಚಿತ್ರ ನಮ್ಮ ನಾಲ್ಕು ಖಾಲಿ ಸೀಟುಗಳ ಮುಂದೆ ಓಡುತ್ತಿದ್ದಾಗ ಮಾಮಾ ನಮ್ಮ ಹಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಶನಿವಾರ ರಾತ್ರಿ ನಾನು, ಹೆಂಡತಿ, ಅವಳ ತಮ್ಮ, ಮಾಮಾ, ನಾಲ್ವರೂ ಇಸ್ತ್ರಿ ಬಟ್ಟೆಯಲ್ಲಿ ಬಾಗಿಲಿಗೆ ಹೋದೆವು. ಹುಡುಗ ಟಿಕೆಟ್ ಸ್ಕ್ಯಾನ್ ಮಾಡಿದ, ಇನ್ನೊಮ್ಮೆ ಮಾಡಿದ, ನನ್ನ ಮುಖ ನೋಡಿದ. "ದಾದಾ, ಹಾ ಶೋ ಕಾಲ್ ಝಾಲಾ." ಮರಾಠಿಯಲ್ಲಿ 'ಕಾಲ್' ಅಂದರೆ ನಿನ್ನೆ. ಮಾಮಾನಿಗೆ ಮರಾಠಿ ಅಷ್ಟಕ್ಕಷ್ಟೆ. "ಏನಂತಾನ, ಕಾಲ ಆತಂತಾ?" ಅಂದರು. ಹೌದು ಮಾಮಾ, ಕಾಲ ಆಗಿಹೋತು ಅಂದೆ. ಕಾಲಪ್ರಯಾಣದ ಮೇಲೆ ಗೆಳೆಯರಿಗೆ ತಾಸುಗಟ್ಟಲೆ ಭಾಷಣ ಬಿಗಿಯುವವನು ಒಂದು ದಿನ ತಡವಾಗಿ ಬಂದಿದ್ದೆ.

ಭಾನುವಾರ ಎಲ್ಲಾ ಕಡೆ ಭರ್ತಿ. ರಾತ್ರಿಗೆ ಅವರ ರೈಲು. ಕೊನೆಗೆ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಚ್ಚಿದೆವು. ಆ ನೀರಿನ ಗ್ರಹ ಬಂತಲ್ಲ, ಅಲ್ಲಿ ಒಂದು ತಾಸು ಅಂದರೆ ಭೂಮಿಯ ಮೇಲೆ 7 ವರ್ಷ ಅಂತಾರಲ್ಲ, ಮಾಮಾ "ನಿಲ್ಲಸು ಅದನ್ನ" ಅಂದರು. ಕ್ಯಾಲೆಂಡರಿನ ಜನವರಿ ಹಾಳೆ ಹರಿದು ಹಿಂದೆ ಲೆಕ್ಕ ಶುರು. 7 ಗುಣಿಸು 365, ಗುಣಿಸು 24, ಒಟ್ಟು 61,320 ತಾಸು. ಭಾಗಿಸು 3,600. "ಅಲ್ಲಿ ಒಂದು ಸೆಕೆಂಡ್ ಅಂದ್ರ ಇಲ್ಲಿ ಹದಿನೇಳು ತಾಸು. ನೀ ಇಪ್ಪತ್ನಾಲ್ಕು ತಾಸು ತಡಾ ಮಾಡಿದಿ. ಆ ಲೆಕ್ಕದಾಗ ಒಂದೂವರಿ ಸೆಕೆಂಡೂ ಆಗಂಗಿಲ್ಲ, ಬಿಡಪಾ."

ನಿಮ್ಮ ಪ್ರಶ್ನೆಗೆ ಬರ್ತೀನಿ. ಥಿಯೇಟರಾ ಓಟಿಟಿಯಾ ಅನ್ನೋ ತಕ್ಕಡಿಯನ್ನೇ ನಾನು ಒಪ್ಪೋದಿಲ್ಲ. ಈಗ ಸೈ-ಫೈ ಅಂತ ಬರೋದರಲ್ಲಿ ಮುಕ್ಕಾಲು ಪಾಲು ನೀಲಿ ಬೆಳಕು ಹಾಕಿದ ಹೊಡೆದಾಟ. ನೋಡಿ ಬಂದ ಮೇಲೆ ಯಾರೂ ಕಾಗದ-ಪೆನ್ಸಿಲ್ ಕೇಳೋದಿಲ್ಲ ಅಂದರೆ ಅದನ್ನು ಎಲ್ಲಿ ನೋಡಿದರೂ ಅಷ್ಟೆ, ನೋಡದಿದ್ದರೂ ಅಷ್ಟೆ. ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದ ಚಿತ್ರವಾದರೆ ಮಾತ್ರ ಮೊದಲ ವಾರವೇ ಹೋಗಿ, ಆದರೆ ವಾರದ ನಡುವೆ, ಮಂಗಳವಾರವೋ ಬುಧವಾರವೋ. ಟಿಕೆಟ್ ಅಗ್ಗ, ಸೀಟು ಆರಿಸಿಕೊಳ್ಳಬಹುದು. ಎರಡನೇ ವಾರಕ್ಕೆ ಕಾದರೆ ದೊಡ್ಡ ಪರದೆ ಕೈತಪ್ಪುತ್ತೆ, ಇದು ನನ್ನ ಅನುಭವ. ತ್ರೀಡಿಗೆ ಹೆಚ್ಚು ದುಡ್ಡು ಕೊಡೋದು ನನ್ನ ಪ್ರಕಾರ ದಂಡ. ಹನ್ನೆರಡರ ಮೇಲಿನ ಶೋ ಬುಕ್ ಮಾಡಲೇಬೇಕಾದರೆ ವಾರ ನೋಡಬೇಡಿ, ತಾರೀಖನ್ನು ಬಾಯಿಬಿಟ್ಟು ಓದಿ.

ಹಾಗಾದರೆ ವಾರಾಂತ್ಯಕ್ಕೆ ಏನು ಅಂತೀರಾ? ಪುಣೆಯಲ್ಲಿದ್ದು ಈ ಪ್ರಶ್ನೆ ಕೇಳ್ತೀರಲ್ಲ ಮಾರಾಯರೆ! ಅದೇ ಚಿತ್ರಕ್ಕೆ ಭೌತವಿಜ್ಞಾನ ಹೇಳಿಕೊಟ್ಟ ಕಿಪ್ ಥಾರ್ನ್ ಅವರಿಗೆ 2017ರಲ್ಲಿ ನೊಬೆಲ್ ಬಂದದ್ದು ಗುರುತ್ವ ಅಲೆಗಳ, ಅಂದರೆ ಕಪ್ಪುಕುಳಿಗಳಂಥವು ಡಿಕ್ಕಿಯಾದಾಗ ಏಳುವ ಕಂಪನಗಳ ಪತ್ತೆಗೆ. ಆ ಅಲೆ ಹುಡುಕುವ ಕೆಲಸದಲ್ಲಿ ಇಲ್ಲಿನ ಯೂನಿವರ್ಸಿಟಿ ಆವರಣದ ಆಯುಕಾ ಅನ್ನೋ ಖಗೋಳವಿಜ್ಞಾನ ಸಂಸ್ಥೆಯ ಪಾಲೂ ಇದೆ. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಸ್ವತಃ ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದವರು. ನಾರಾಯಣಗಾವ್ ಹತ್ತಿರದ ಖೋಡದ್‌ನಲ್ಲಿ ಒಂದೊಂದೂ 45 ಮೀಟರ್ ಅಗಲದ 30 ಆ್ಯಂಟೆನಾಗಳ, ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವ ದೂರದರ್ಶಕ ಇದೆ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಜನರನ್ನು ಒಳಗೆ ಬಿಡುತ್ತಾರೆ. ದ್ರಾಕ್ಷಿ ತೋಟಗಳ ನಡುವೆ ಆ ಬಟ್ಟಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರೋದನ್ನು ಕಂಡರೆ ಯಾವ ಗ್ರಾಫಿಕ್ಸೂ ಬೇಡ ಅನಿಸುತ್ತೆ.

ಅಂದಹಾಗೆ ಮಾರ್ಚ್‌ನಲ್ಲಿ ಅದೇ ಚಿತ್ರ ಮತ್ತೊಮ್ಮೆ ಬಂತು. ಮಾಮಾನಿಗೆ ಫೋನ್ ಮಾಡಿದೆ. ಟಿಕೆಟ್ಟಿನ ಫೋಟೊ ವಾಟ್ಸ್ಯಾಪಿಗೆ ತರಿಸಿಕೊಂಡು, ತಾರೀಖಿನ ಸುತ್ತ ಕೆಂಪು ಗೆರೆ ಎಳೆದು, ಬದಿಗೆ ಒಂದು ರೈಟ್ ಮಾರ್ಕ್ ಹಾಕಿ ವಾಪಸ್ ಕಳಿಸಿದರು. ರೈಲಿನ ಟಿಕೆಟ್ ತೆಗೆಸಿದ್ದು ಅದಾದ ಮೇಲೆಯೇ.